ಮನೆತನ ವಿಚಾರಿಸುವ ನಾವು ಮಾಲೀಕನನ್ನು ವಿಚಾರಿಸುತ್ತೇವೆಯೇ?

ಮಗಳನ್ನು ಕೊಡುವ ಮುನ್ನ ನಮ್ಮ ಹಿರಿಯರು ವರನ ಮನೆಯ ಹಿತ್ತಲನ್ನು ನೋಡಿ ಬರುತ್ತಿದ್ದರು. ಪಡಸಾಲೆಯಲ್ಲಿ ಹಾಸಿದ ಜಮಖಾನೆ ಎರವಲು ತಂದದ್ದಿರಬಹುದು, ತಟ್ಟೆಯಲ್ಲಿಟ್ಟ ಫಲಹಾರ ಅಂದಿನ ಮಟ್ಟಿಗೆ ಮಾಡಿದ್ದಿರಬಹುದು. ಆದರೆ ಕೊಟ್ಟಿಗೆಯ ದನಗಳ ಮೈಕಟ್ಟನ್ನಾಗಲಿ, ಮನೆಯ ಸೊಸೆಯರ ಮುಖದ ಕಳೆಯನ್ನಾಗಲಿ, ಆಳುಮಕ್ಕಳು ಯಜಮಾನನ ಹೆಸರೆತ್ತುವ ಧಾಟಿಯನ್ನಾಗಲಿ ಎರವಲು ತರಲು ಬರುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಮನೆತನವನ್ನು ಪರೀಕ್ಷಿಸುವ ವಿವೇಕ ನಮ್ಮ ಸಮಾಜದಲ್ಲಿ ಇಂದಿಗೂ ಉಳಿದಿದೆ. ಆದರೆ ಅದೇ ಮನೆಯ ಮಗನೋ ಮಗಳೋ ಉದ್ಯೋಗಕ್ಕೆಂದು ಸಂದರ್ಶನಕ್ಕೆ ಹೊರಟಾಗ ತಂದೆತಾಯಂದಿರು ಕೇಳುವ ಪ್ರಶ್ನೆ ಒಂದೇ: "ಸಂಬಳ ಎಷ್ಟಂತೆ?" ದಿನದ ಒಳ್ಳೆಯ ಹೊತ್ತನ್ನೆಲ್ಲ ಯಾರ ಕೈಗೆ ಒಪ್ಪಿಸುತ್ತಿದ್ದೇವೋ ಅವರ ವಿಚಾರಣೆಯನ್ನು ಮಾತ್ರ ನಾವು ಮಾಡುವುದಿಲ್ಲ. ಸಂದರ್ಶನವೆಂದರೆ ಅವರು ನಮ್ಮನ್ನು ಪರೀಕ್ಷಿಸುವುದು ಎಂದಷ್ಟೇ ತಿಳಿದಿದ್ದೇವೆ.

ನಂದಗುಡಿ ಹೋಬಳಿಯ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ೨೦೦೭ರ ಸುಮಾರಿಗೆ ವಿಶೇಷ ಆರ್ಥಿಕ ವಲಯಕ್ಕೆಂದು ಇಲ್ಲಿಯ ಜಮೀನುಗಳನ್ನು ಕೇಳಿದಾಗ ಈ ಭಾಗದ ರೈತರು ಸುಮ್ಮನೆ ಕೂರಲಿಲ್ಲ. ಕೇಳುವವರು ಯಾರು, ಬೆಲೆಯೆಷ್ಟು, ಮುಂದೆ ನಮ್ಮ ಗತಿಯೇನು ಎಂದು ಎದುರು ನಿಂತು ಪ್ರಶ್ನಿಸಿದರು. ಆ ಯೋಜನೆ ಕೈಗೂಡಲೂ ಇಲ್ಲ. ಭೂಮಿ ಕೇಳಲು ಬಂದವರನ್ನು ಅಷ್ಟು ಧೈರ್ಯದಿಂದ ಪ್ರಶ್ನಿಸಿದ ಊರಿನ ಮಕ್ಕಳು, ಇಂದು ದುಡಿಮೆ ಕೇಳಲು ಬಂದವರ ಮುಂದೆ ಬಾಯಿ ಬಿಡದೆ ಸಹಿ ಹಾಕಿ ಬರುತ್ತಿದ್ದಾರೆ. ರಾಗಿ, ರೇಷ್ಮೆ, ತರಕಾರಿಗಳನ್ನೇ ನಂಬಿದ್ದ ಮನೆಗಳಿಂದ ಈಗ ಬೆಳಗಿನ ಜಾವಕ್ಕೇ ಕಾರ್ಖಾನೆಯ ಬಸ್ಸು ಹಿಡಿಯುವವರು ಹೊರಡುತ್ತಾರೆ. ಹೊಸಕೋಟೆಯ ಕಾರ್ಖಾನೆಗಳು ಒಂದು ಕಡೆ, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳು ಇನ್ನೊಂದು ಕಡೆ, ದೇವನಹಳ್ಳಿಯ ವಿಮಾನ ನಿಲ್ದಾಣ ಮತ್ತೊಂದು ಕಡೆ. ಕೆಲಸಗಳು ಬಂದಿವೆ ಎಂಬುದು ಸಂತೋಷದ ಸಂಗತಿಯೇ. ಕೆಲಸ ಕೊಡುವವರು ಎಂಥವರು ಎಂಬುದನ್ನು ಬಾಗಿಲಲ್ಲೇ ಅರಿಯುವ ಬಗೆ ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ನರಸಾಪುರದಲ್ಲಿ ನಡೆದದ್ದು

ನಮ್ಮ ನೆರೆಯಲ್ಲೇ ನಡೆದ, ದೇಶವಿದೇಶಗಳಲ್ಲಿ ಸುದ್ದಿಯಾದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ೨೦೨೦ರ ಡಿಸೆಂಬರ್ ೧೨ರ ಶನಿವಾರ ಬೆಳಿಗ್ಗೆ, ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಎಂಬ ತೈವಾನ್ ಮೂಲದ ಸಂಸ್ಥೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರ ಅಸಮಾಧಾನ ಭುಗಿಲೆದ್ದು ದೊಡ್ಡ ಗಲಭೆಯಾಯಿತು. ಗಾಜುಗಳು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಅಲ್ಲಿ ತಯಾರಾಗುತ್ತಿದ್ದುದು ಅಮೆರಿಕದ ಆಪಲ್ ಸಂಸ್ಥೆಯ ಐಫೋನ್ ದೂರವಾಣಿಗಳು. ಹಾನಿಯ ಮೊತ್ತವನ್ನು ಕಂಪನಿ ಮೊದಲು ನಾನೂರು ಕೋಟಿ ರೂಪಾಯಿಗೂ ಮೇಲೆಂದು ದೂರಿನಲ್ಲಿ ಬರೆಸಿ, ಆಮೇಲೆ ಬಹಳವಾಗಿ ಇಳಿಸಿತು. ಗಲಭೆಯನ್ನು ಯಾರೂ ಸಮರ್ಥಿಸಲಾರರು. ಕಲ್ಲೆಸೆದ ಕೈಗಳ ಜತೆಗೆ ಎಸೆಯದ ಕೈಗಳೂ ಕೋಳ ತೊಡಬೇಕಾಗುವುದು ಇಂಥ ಸಂದರ್ಭಗಳ ದುರಂತ.

ಕಾರಣವೇನೆಂದು ನೋಡಿದರೆ ಸಂಬಳ. ಇಂಜಿನಿಯರಿಂಗ್ ಪದವೀಧರರಿಗೆ ತಿಂಗಳಿಗೆ ೨೧,೦೦೦ ರೂಪಾಯಿ ಎಂದು ಹೇಳಿ ಸೇರಿಸಿಕೊಂಡು, ಮೊದಲು ೧೬,೦೦೦, ಆಮೇಲೆ ೧೨,೦೦೦ ಕೊಟ್ಟರು ಎಂದು ಕೆಲಸಗಾರರು ಹೇಳಿದ್ದನ್ನು ಪತ್ರಿಕೆಗಳು ಆಗ ವರದಿ ಮಾಡಿದವು. ಪಾಳಿಯ ಅವಧಿ ಹನ್ನೆರಡು ಗಂಟೆಗೆ ಏರಿತ್ತು. ಹಾಜರಿ ದಾಖಲೆ, ಹೆಚ್ಚುವರಿ ದುಡಿಮೆಯ ಲೆಕ್ಕ ಎರಡೂ ಗೋಜಲಾಗಿದ್ದವು. ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲನೆ ನಡೆಸಿ ಹಲವು ಕಾನೂನು ಉಲ್ಲಂಘನೆಗಳನ್ನು ಗುರುತಿಸಿತು. ಕೆಲಸಗಾರರ ಸಂಖ್ಯೆ ಅಲ್ಪಕಾಲದಲ್ಲಿ ಸುಮಾರು ೫,೦೦೦ದಿಂದ ೧೦,೫೦೦ಕ್ಕೆ ಏರಿತ್ತು. ಅವರನ್ನು ನಿರ್ವಹಿಸುವ ವ್ಯವಸ್ಥೆ ಆ ವೇಗಕ್ಕೆ ಬೆಳೆದಿರಲಿಲ್ಲ. ಡಿಸೆಂಬರ್ ೧೯ರಂದು ಆಪಲ್ ಸಂಸ್ಥೆಯೇ ಬಹಿರಂಗವಾಗಿ, ದುಡಿಮೆಯ ಅವಧಿಯ ಲೆಕ್ಕವನ್ನು ಸರಿಯಾಗಿ ಇಡದ ಕಾರಣ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವು ಕೆಲಸಗಾರರಿಗೆ ವೇತನ ವಿಳಂಬವಾಗಿದೆ ಎಂದು ಹೇಳಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕೆಲಸಗಾರರ ಕ್ಷಮೆ ಕೇಳಿ, ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ೨೦೨೩ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಹೋಯಿತು. ಇಂದು ಅಲ್ಲಿರುವುದು ಬೇರೆಯೇ ಆಡಳಿತ.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಸಂಗತಿ ಇನ್ನೊಂದಿದೆ. ಹತ್ತು ಸಾವಿರಕ್ಕೂ ಮಿಕ್ಕ ಆ ಕೆಲಸಗಾರರಲ್ಲಿ ಕಂಪನಿಯ ಖಾಯಂ ನೌಕರರು ಸಾವಿರದ ಆಸುಪಾಸು ಮಾತ್ರ. ಉಳಿದವರೆಲ್ಲ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಂಪನಿ ಏಜೆನ್ಸಿಗೆ ಕೊಟ್ಟಿದ್ದೇನೆ ಎನ್ನಬಹುದು, ಏಜೆನ್ಸಿ ಕಂಪನಿಯಿಂದ ಬರಬೇಕು ಎನ್ನಬಹುದು. ನಡುವೆ ನಿಂತ ಹುಡುಗನಿಗೆ ತನ್ನ ಧಣಿ ಯಾರೆಂಬುದೇ ತಿಳಿಯದು. ಮನೆಯಲ್ಲಿ ಕೇಳಿದರೆ "ಐಫೋನ್ ಕಂಪನಿಯಲ್ಲಿ ಕೆಲಸ" ಎಂದು ಹೆಮ್ಮೆಯಿಂದ ಹೇಳಿರುತ್ತಾನೆ. ಅವನ ಕೈಯಲ್ಲಿದ್ದ ಕಾಗದದ ತಲೆಯ ಮೇಲೆ ಇದ್ದದ್ದು ಬೇರೆ ಯಾವುದೋ ಹೆಸರು.

ಆದುದರಿಂದ ಸಂದರ್ಶನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನನ್ನ ನೇಮಕಪತ್ರಕ್ಕೆ ಸಹಿ ಮಾಡುವ ಸಂಸ್ಥೆ ಯಾವುದು?" ಎಂಬುದು. ಇದಕ್ಕೆ ನೇರವಾದ ಉತ್ತರ ಬಂದರೆ, ಅದು ಗುತ್ತಿಗೆಯೇ ಆಗಿದ್ದರೂ ಭಯಪಡಬೇಕಾಗಿಲ್ಲ. ಗುತ್ತಿಗೆ ಕೆಲಸವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಂಸಾರಗಳು ಅದರಿಂದಲೇ ನಡೆಯುತ್ತಿವೆ. ಆದರೆ ಉತ್ತರ ತೇಲಿದರೆ, "ಅದೆಲ್ಲ ಆಮೇಲೆ, ಮೊದಲು ಸೇರಿಕೊಳ್ಳಿ" ಎಂದರೆ, ಅಲ್ಲಿ ನಿಲ್ಲಬೇಕು. ಎರಡೇ ನಿಮಿಷದಲ್ಲಿ ಮುಗಿದು "ನಾಳೆ ಬೆಳಿಗ್ಗೆಯೇ ಬನ್ನಿ" ಎನ್ನುವ ಸಂದರ್ಶನವೂ ಶುಭಸೂಚನೆಯಲ್ಲ. ಅವರಿಗೆ ಬೇಕಾಗಿರುವುದು ಈ ಹುಡುಗನಲ್ಲ, ಒಂದು ತಲೆ. ನಿನ್ನೆ ಆ ಜಾಗದಲ್ಲಿದ್ದ ತಲೆ ಎಲ್ಲಿ ಹೋಯಿತೆಂದು ವಿಚಾರಿಸುವುದು ಒಳ್ಳೆಯದು.

೨೦೨೫ರ ನವೆಂಬರ್ ೨೧ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಗುಣದೋಷಗಳ ಬಗ್ಗೆ ವಾದವಿವಾದಗಳು ನಡೆಯುತ್ತಲೇ ಇವೆ. ಆದರೆ ಕೆಲಸಗಾರನಿಗೆ ಲಿಖಿತ ನೇಮಕಪತ್ರ ಕೊಡಲೇಬೇಕು ಎಂಬ ಅಂಶ ನಮ್ಮ ಮಕ್ಕಳಿಗೆ ಉಪಯುಕ್ತವಾದುದು. ಮಾಸಿಕ ವೇತನವನ್ನು ಮುಂದಿನ ತಿಂಗಳ ೭ನೆಯ ತಾರೀಖಿನೊಳಗೆ ಕೊಡಬೇಕು, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಕೊಡಬೇಕು, ವಾರಕ್ಕೆ ೪೮ ಗಂಟೆ ಎಂಬುದು ಸಾಮಾನ್ಯ ಮಿತಿ. ಇವನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಕೆಂದಲ್ಲ, ಜಗಳಕ್ಕೆ ನಿಲ್ಲಬೇಕೆಂದೂ ಅಲ್ಲ. ಸಂದರ್ಶಕ ಇವುಗಳ ವಿಚಾರ ಬಂದಾಗ ಮುಖ ಸಿಂಡರಿಸುತ್ತಾನೋ, ಸಹಜವಾಗಿ ಉತ್ತರಿಸುತ್ತಾನೋ ಎಂಬುದನ್ನು ನೋಡಿದರೆ ಸಾಕು.

ಹೇಳಿದ ಸಂಬಳ, ಕೈಗೆ ಬರುವ ಸಂಬಳ

ಸಂಬಳದ ವಿಷಯದಲ್ಲಿ ಸುಳ್ಳು ಹೇಳದೆಯೇ ದಾರಿ ತಪ್ಪಿಸುವ ಒಂದು ವಿಧಾನವಿದೆ. "ತಿಂಗಳಿಗೆ ಇಪ್ಪತ್ತೈದು ಸಾವಿರ ಸಿ.ಟಿ.ಸಿ." ಎನ್ನುತ್ತಾರೆ. ಸಿ.ಟಿ.ಸಿ. ಎಂದರೆ ನೌಕರನಿಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು. ನೌಕರನ ಕೈಗೆ ಬರುವ ಹಣವಲ್ಲ. ಮೂಲವೇತನ ೧೫,೦೦೦ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಶೇಕಡ ೧೨ರಂತೆ ಸಂಸ್ಥೆಯ ಪಾಲಿನ ಭವಿಷ್ಯನಿಧಿ ೧,೮೦೦ ರೂಪಾಯಿ. ಗ್ರಾಚ್ಯುಟಿಗೆಂದು ತೆಗೆದಿಡುವುದು ಸುಮಾರು ೭೨೧. ಇವೆರಡೂ ಆ ಇಪ್ಪತ್ತೈದು ಸಾವಿರದ ಒಳಗೇ ಸೇರಿರುತ್ತವೆ. ಉಳಿದ ೨೨,೪೭೯ರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ ಮತ್ತೆ ೧,೮೦೦ ಕಳೆಯುತ್ತದೆ. ಕೈಗೆ ಬರುವುದು ೨೦,೬೭೯. ಬಸ್ಸು, ಊಟ, ಸಮವಸ್ತ್ರಗಳ ಹೆಸರಿನಲ್ಲಿ ಹಿಡಿಯುವುದು ಬೇರೆ. ಇದರಲ್ಲಿ ಮೋಸವೇನೂ ಇಲ್ಲ. ಭವಿಷ್ಯನಿಧಿ ನಮ್ಮ ಹಣವೇ. ಆದರೆ ಇಪ್ಪತ್ತೈದು ಸಾವಿರವನ್ನೇ ನಂಬಿ ಮನೆಯವರು ಟ್ರ್ಯಾಕ್ಟರ್ ಸಾಲದ ಕಂತು ಕಟ್ಟುವ ಲೆಕ್ಕ ಹಾಕಿದ್ದರೆ, ಮೊದಲ ತಿಂಗಳಲ್ಲೇ ಮನೆಯಲ್ಲಿ ಮಾತು ಬೆಳೆಯುತ್ತದೆ. "ಕೈಗೆ ಎಷ್ಟು ಬರುತ್ತದೆ, ಯಾವುದಕ್ಕೆ ಎಷ್ಟು ಹಿಡಿಯುತ್ತೀರಿ, ಬರೆದು ಕೊಡಿ" ಎಂದು ಕೇಳುವುದರಲ್ಲಿ ಅವಿನಯವಿಲ್ಲ. ಸಂಸ್ಥೆ ಸರಿಯಾಗಿದ್ದರೆ ಅಲ್ಲೇ ಒಂದು ಹಾಳೆಯಲ್ಲಿ ಬರೆದು ತೋರಿಸುತ್ತಾರೆ.

ಇನ್ನೊಂದು ಸೂಕ್ಷ್ಮ. ಕೆಲವರು ಕೆಲಸಗಾರನೆಂದು ಹೇಳಿ ಕರೆದು, ಕಾಗದದಲ್ಲಿ "ಅಪ್ರೆಂಟಿಸ್" ಎಂದು ಬರೆಯುತ್ತಾರೆ. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಲಿಯಲು ಬಂದವನಿಗೆ ಸಿಗುವುದು ವೇತನವಲ್ಲ, ತರಬೇತಿ ಭತ್ಯೆ. ಭವಿಷ್ಯನಿಧಿ ಮುಂತಾದವು ಅವನಿಗೆ ಅನ್ವಯಿಸುವುದಿಲ್ಲ. ನಿಜವಾಗಿ ಕಲಿಸುವುದಾದರೆ ಅದು ಒಳ್ಳೆಯ ವ್ಯವಸ್ಥೆಯೇ. ಮೊದಲ ದಿನದಿಂದಲೇ ಯಂತ್ರದ ಮುಂದೆ ನಿಲ್ಲಿಸಿ, ಅವಧಿ ಮುಗಿದೊಡನೆ ಕಳುಹಿಸಿ, ಆ ಜಾಗಕ್ಕೆ ಮತ್ತೊಬ್ಬ ಅಪ್ರೆಂಟಿಸನನ್ನು ತಂದರೆ ಅದನ್ನು ಕಲಿಕೆ ಎನ್ನಲಾಗದು. "ಕಳೆದ ವರ್ಷ ಬಂದ ಅಪ್ರೆಂಟಿಸರಲ್ಲಿ ಎಷ್ಟು ಮಂದಿ ಇಲ್ಲೇ ಉಳಿದಿದ್ದಾರೆ?" ಎಂದು ಕೇಳಿ ನೋಡಬೇಕು.

ಬಾಗಿಲಲ್ಲೇ ಹಿಂದಿರುಗಬೇಕಾದ ಜಾಗಗಳು

ಮೇಲೆ ಹೇಳಿದವೆಲ್ಲ ಯೋಚಿಸಿ ತೂಗಬೇಕಾದ ಸೂಚನೆಗಳು. ತೂಗುವ ಅಗತ್ಯವೇ ಇಲ್ಲದವು ಕೆಲವಿವೆ.

ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ನೋಂದಣಿ, ಠೇವಣಿ, ಸಮವಸ್ತ್ರ, ವೈದ್ಯಕೀಯ ಪರೀಕ್ಷೆ, ಗುರುತಿನ ಚೀಟಿ ಎಂದು ಹೆಸರು ಏನೇ ಇರಲಿ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ "ಏರ್‌ಪೋರ್ಟಿನಲ್ಲಿ ಕೆಲಸ" ಎಂಬ ಮಾತಿಗೆ ನಮ್ಮ ಕಡೆ ಒಂದು ಮೋಹ ಬಂದಿದೆ. ಅದರ ಹೆಸರಿನಲ್ಲಿ ಹಣ ಕೀಳುವವರೂ ಹುಟ್ಟಿಕೊಂಡಿದ್ದಾರೆ. ನೇಮಕಾತಿಗೆ ತಾವು ಯಾರಿಂದಲೂ ಹಣ ಪಡೆಯುವುದಿಲ್ಲವೆಂದು ವಿಮಾನಯಾನ ಸಂಸ್ಥೆಗಳು ಪದೇ ಪದೇ ಪ್ರಕಟಣೆ ಕೊಟ್ಟಿವೆ. ಮೊದಲು ಐನೂರು ಕೇಳುತ್ತಾರೆ, ಆಮೇಲೆ ಎರಡು ಸಾವಿರ, ಆಮೇಲೆ "ಇಷ್ಟು ಕಟ್ಟಿದ ಮೇಲೆ ಇನ್ನಿಷ್ಟಕ್ಕೆ ಬಿಡುತ್ತೀರಾ?" ಎನ್ನುತ್ತಾರೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆ ಇಂಥವರಿಗೇ ಹೇಳಿಸಿದಂತಿದೆ. ಹಣ ಈಗಾಗಲೇ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ೧೯೩೦ ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಸೈಬರ್ ವಂಚನೆಯ ದೂರುಗಳಿಗೆಂದೇ ಸರ್ಕಾರ ಇಟ್ಟಿರುವ ಸಂಖ್ಯೆ ಅದು. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಎರಡನೆಯದು, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವುದು. ಪರಿಶೀಲನೆಗೆ ಮೂಲಪ್ರತಿ ತೋರಿಸಬಹುದು, ನಕಲು ಕೊಡಬಹುದು; ಮೂಲಪ್ರತಿಯನ್ನು ಬಿಟ್ಟುಬರುವಂತಿಲ್ಲ. ಕಾಲೇಜುಗಳು ಸಹ ವಿದ್ಯಾರ್ಥಿಗಳ ಮೂಲಪತ್ರಗಳನ್ನು ಇಟ್ಟುಕೊಳ್ಳಬಾರದೆಂದು ೨೦೧೮ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆದೇಶಿಸಿತು. ಹೀಗಿರುವಾಗ ಒಂದು ಅಂಗಡಿಯೋ ಕಚೇರಿಯೋ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದೇಕೆ? ನೌಕರ ತಾನಾಗಿ ನಿಲ್ಲುವ ಜಾಗದಲ್ಲಿ ಅವನ ಕಾಗದವನ್ನು ಕಟ್ಟಿಹಾಕಬೇಕಾಗಿ ಬರುವುದಿಲ್ಲ. ನನಗೆ ಪರಿಚಯದ ಒಂದು ಮನೆಯ ಹೆಣ್ಣುಮಗಳು, ಸಂಸ್ಥೆಯೊಂದರಲ್ಲಿ ಬಿ.ಕಾಂ. ಅಂಕಪಟ್ಟಿಗಳನ್ನು ಕೊಟ್ಟು ಸೇರಿದವಳು, ಒಂದೂವರೆ ವರ್ಷದ ನಂತರ ಸರ್ಕಾರಿ ಹುದ್ದೆಯೊಂದರ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಅವುಗಳಿಗಾಗಿ ಹದಿನೈದು ದಿನ ಅಲೆದಳು. ತಂದೆ ಹೋಗಿ ಕೈಮುಗಿದ ಮೇಲೆ ಕೊಟ್ಟರು. ಪರಿಶೀಲನೆಯ ದಿನಾಂಕ ಅಷ್ಟರಲ್ಲಿ ಕಳೆದಿತ್ತು.

ಬಾಂಡಿನ ವಿಚಾರ ಇಷ್ಟು ಸರಳವಲ್ಲ. ಇಂತಿಷ್ಟು ವರ್ಷ ಬಿಡಬಾರದು, ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕು ಎಂಬ ಕರಾರನ್ನು ಕಂಡಾಗ "ಸಹಿ ಹಾಕು, ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ, ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವನ್ನು ಅವರು ತಿಳಿಯಬೇಕು. ಮೂರು ವರ್ಷಕ್ಕೆ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಕರಾರಿಗೆ ಸಹಿ ಮಾಡಿದ್ದ ಅಧಿಕಾರಿಯೊಬ್ಬರು ೨೦೦೯ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟು, ಪ್ರತಿಭಟನೆಯೊಂದಿಗೆ ಹಣ ಕಟ್ಟಿ, ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ಹೇಳಿತು. ೨೦೨೫ರ ಮೇ ೧೪ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುವಿ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ಹಿರಿಯ ಹುದ್ದೆ, ಹೊಸ ನೇಮಕಾತಿಗೆ ತಗಲುವ ಖರ್ಚಿನ ವಾದ ಇವೆಲ್ಲ ಅಲ್ಲಿ ಗಣನೆಗೆ ಬಂದವು. ಹನ್ನೆರಡು ಸಾವಿರ ಸಂಬಳದ ಹುಡುಗನ ಮೇಲೆ ಹೊರಿಸುವ ಎರಡು ಲಕ್ಷದ ಬಾಂಡಿಗೂ ಇದೇ ತೀರ್ಪು ಬರುತ್ತದೆಂದು ಹೇಳಲಾಗದು. ಆದರೂ ಸಹಿ ಎಂದರೆ ಸಹಿ. ಯಾವ ತರಬೇತಿಗಾಗಿ ಈ ಬಾಂಡು, ಆ ತರಬೇತಿ ಎಷ್ಟು ದಿನದ್ದು, ಸಂಸ್ಥೆಯೇ ತೆಗೆದುಹಾಕಿದರೆ ಬಾಂಡಿನ ಗತಿ ಏನು ಎಂದು ಕೇಳದೆ ಲೇಖನಿ ಎತ್ತಬಾರದು. ಕರಾರಿನಲ್ಲಿ ಕಟ್ಟುಪಾಡೆಲ್ಲ ಒಂದೇ ಕಡೆಗೆ ಇದ್ದರೆ ಅದೇ ದೊಡ್ಡ ಸೂಚನೆ.

ಬರವಣಿಗೆಯಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಭದ್ರವೆಂದೂ ತಿಳಿಯಬಾರದು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿಪ್ರೊ ಸಂಸ್ಥೆ, ವರ್ಷಕ್ಕೆ ೬.೫ ಲಕ್ಷ ರೂಪಾಯಿಯ ಕೆಲಸದ ಭರವಸೆ ಪಡೆದು ತಿಂಗಳುಗಟ್ಟಲೆ ಕಾಯುತ್ತಿದ್ದ ಹೊಸ ಪದವೀಧರರಿಗೆ ೩.೫ ಲಕ್ಷಕ್ಕೆ ಒಪ್ಪುವಿರಾ ಎಂದು ಕೇಳಿದ್ದು ಸುದ್ದಿಯಾಯಿತು. ಮಾರುಕಟ್ಟೆ ಇಳಿದಿದೆ ಎಂಬುದು ಕಾರಣ. ದೊಡ್ಡ ಹೆಸರಿನ ಮನೆಯಲ್ಲೂ ಹೀಗಾಗುವುದರಿಂದ, ಸೇರುವ ದಿನಾಂಕವಿಲ್ಲದ ಪತ್ರವನ್ನು ನಂಬಿ ಕೈಯಲ್ಲಿರುವ ಕೆಲಸವನ್ನು ಬಿಡುವುದು ಜಾಣತನವಲ್ಲ.

ಓದಲು ಬಾರದ ಕಾಗದ

ಕಲಬುರಗಿ ಜಿಲ್ಲೆಯ ಕೆಲವು ಯುವಕರ ಕಥೆ ಇದಕ್ಕಿಂತ ಭಯಂಕರವಾದುದು. ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ಯೂಟ್ಯೂಬಿನ ಚಿತ್ರಗಳನ್ನು ತೋರಿಸಿ, ಏಜೆಂಟರು ಲಕ್ಷಗಟ್ಟಲೆ ಹಣ ಪಡೆದು ಅವರನ್ನು ೨೦೨೩ರ ಕೊನೆಯಲ್ಲಿ ಕಳುಹಿಸಿದರು. ಅಲ್ಲಿ ರಷ್ಯನ್ ಭಾಷೆಯಲ್ಲಿದ್ದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಆ ಕಾಗದದಲ್ಲಿದ್ದುದು ಸೈನ್ಯದ ಸೇವೆ ಎಂಬುದು ತಿಳಿದಾಗ ಅವರು ಉಕ್ರೇನ್ ಯುದ್ಧಭೂಮಿಯ ಸಮೀಪದಲ್ಲಿದ್ದರು. ೨೦೨೪ರ ಫೆಬ್ರವರಿಯಲ್ಲಿ ಈ ಸಂಗತಿ ಹೊರಬಂತು; ಮಾರ್ಚಿಯಲ್ಲಿ ಸಿ.ಬಿ.ಐ. ಮೊಕದ್ದಮೆ ಹೂಡಿತು, ಸೆಪ್ಟೆಂಬರಿನಲ್ಲಿ ಅವರು ಜೀವಸಹಿತ ಮನೆಗೆ ಮರಳಿದರು. ಅದೇ ಬಗೆಯಲ್ಲಿ ಹೋದ ಬೇರೆ ರಾಜ್ಯಗಳ ಕೆಲವರು ಮರಳಲಿಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ ೨೦೨೨ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ನೀಡಿತ್ತು. ಆದರೂ ೨೦೨೫ರ ಮಾರ್ಚಿಯಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ವಿದೇಶದ ಕೆಲಸಕ್ಕೆ ಕಳುಹಿಸುವ ಏಜೆಂಟ್ ೧೯೮೩ರ ವಲಸೆ ಕಾಯಿದೆಯಡಿ ನೋಂದಾಯಿತನಾಗಿರಬೇಕು. ಅವನ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವನು ಪಡೆಯಬಹುದಾದ ಸೇವಾಶುಲ್ಕ ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೇ. ಮೂರು ಲಕ್ಷ ಕೇಳಿದವನು ಆ ಒಂದು ಮಾತಿನಿಂದಲೇ ತಾನು ಯಾರೆಂದು ಹೇಳಿಕೊಂಡಂತಾಯಿತು. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎಂದರೂ ಅಷ್ಟೆ.

ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಹಾಕಿದರಲ್ಲ ಎಂದು ನಾವು ಮರುಗುತ್ತೇವೆ. ಆದರೆ ನಮ್ಮ ಹೋಬಳಿಯ ಎಷ್ಟು ಮನೆಗಳಲ್ಲಿ ಮಗನ ಇಂಗ್ಲಿಷ್ ನೇಮಕಪತ್ರವನ್ನು ತಂದೆ ಓದಬಲ್ಲ? ಮಗನಾದರೂ ಪೂರ್ತಿ ಓದಿದ್ದಾನೆಯೇ? ಊರಿನಲ್ಲಿ ಒಬ್ಬ ಉಪಾಧ್ಯಾಯರಿರುತ್ತಾರೆ, ಒಬ್ಬ ವಕೀಲರಿರುತ್ತಾರೆ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿರುತ್ತಾರೆ. ಪತ್ರವನ್ನು ಒಂದು ರಾತ್ರಿ ಮನೆಗೆ ತಂದು ಅವರಿಂದ ಓದಿಸಿ, ಮರುದಿನ ಸಹಿ ಮಾಡಬಹುದು. "ಮನೆಗೆ ಒಯ್ಯುವಂತಿಲ್ಲ, ಇಲ್ಲೇ ಸಹಿ ಮಾಡಿ" ಎಂದು ಅವಸರಪಡಿಸಿದರೆ ಆ ಅವಸರಕ್ಕೆ ಕಾರಣ ಕಾಗದದೊಳಗೇ ಇದೆಯೆಂದು ತಿಳಿಯತಕ್ಕದ್ದು.

ಮಾತಿನ ಧಾಟಿ

ಸಂದರ್ಶಕನ ನಡೆನುಡಿಯೇ ಎಷ್ಟೋ ವಿಷಯ ತಿಳಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ಬರಹೇಳಿ ಸಂಜೆ ನಾಲ್ಕರವರೆಗೆ ನಿಲ್ಲಿಸಿ, ಒಂದು ಮಾತಿನ ವಿಷಾದವನ್ನೂ ಹೇಳದವರು, ಚಹಾ ತಂದ ಹುಡುಗನನ್ನು ಏಕವಚನದಲ್ಲಿ ಗದರುವವರು, ಹಿಂದಿನ ನೌಕರರನ್ನೆಲ್ಲ ಸೋಮಾರಿಗಳು, ಕೃತಘ್ನರು ಎಂದು ಬಯ್ಯುವವರು ನಾಳೆ ನಮ್ಮ ಮಕ್ಕಳ ವಿಷಯದಲ್ಲಿ ಹೇಗಿರುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಹೆಣ್ಣುಮಕ್ಕಳನ್ನು "ಮದುವೆ ಯಾವಾಗ? ಮಕ್ಕಳು ಯಾವಾಗ?" ಎಂದು ಕೇಳುವುದು ಸಾಮಾನ್ಯವಾಗಿದೆ. ತಮಿಳುನಾಡಿನ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ವಿವಾಹಿತ ಮಹಿಳೆಯರನ್ನು ನೇಮಕಾತಿಯಿಂದ ದೂರವಿಡಲಾಗುತ್ತಿತ್ತೆಂದು ೨೦೨೪ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿದಾಗ ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡು ಸರ್ಕಾರದಿಂದ ವಿವರಣೆ ಕೇಳಿತು. ಅದೇ ಸಂಸ್ಥೆಯ ಕೆಲಸಗಾರ್ತಿಯರು ತಂಗಿದ್ದ ವಸತಿಗೃಹವೊಂದರಲ್ಲಿ ೨೦೨೧ರ ಡಿಸೆಂಬರಿನಲ್ಲಿ ಊಟ ಕೆಟ್ಟು ನೂರೈವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲೂ ಈಗ ಆ ಸಂಸ್ಥೆಯ ದೊಡ್ಡ ಘಟಕವಿದೆ. ಅಲ್ಲಿ ಹೀಗಾಯಿತಾದ್ದರಿಂದ ಇಲ್ಲಿಯೂ ಹಾಗೆಯೇ ಎನ್ನುವುದು ಅನ್ಯಾಯ. ಆದರೆ ಮಗಳಿಗೆ ವಸತಿ ಕೊಡುತ್ತೇವೆಂದು ಯಾವ ಸಂಸ್ಥೆಯೇ ಹೇಳಲಿ, ತಾಯಿ ಒಮ್ಮೆ ಹೋಗಿ ಆ ಕೋಣೆ, ಅಡುಗೆಮನೆ, ಬಚ್ಚಲುಗಳನ್ನು ಕಣ್ಣಾರೆ ನೋಡಿ ಬರಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗಳಲ್ಲೆಲ್ಲ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು ೨೦೧೩ರ ಕಾಯಿದೆ ಹೇಳುತ್ತದೆ. ಆ ಸಮಿತಿಯ ಅಧ್ಯಕ್ಷೆ ಯಾರೆಂದು ಕೇಳಿದಾಗ ಹೆಸರು ಹೇಳಲಾಗದ ಕಚೇರಿಯಲ್ಲಿ ಆ ಸಮಿತಿ ಗೋಡೆಯ ಮೇಲೆ ಮಾತ್ರ ಇದೆ, ಅಥವಾ ಅಲ್ಲಿಯೂ ಇಲ್ಲ.

ಇನ್ನೊಂದು ಮಾತು ನನ್ನಂಥವನಿಗೆ ವಿಶೇಷವಾಗಿ ಕಸಿವಿಸಿ ಉಂಟುಮಾಡುತ್ತದೆ. "ನಮ್ಮಲ್ಲಿ ಎಲ್ಲರೂ ಒಂದೇ ಮನೆಯವರಂತೆ, ಗಂಟೆ ನೋಡಿ ದುಡಿಯುವವರು ಬೇಡ, ಕಾಯಕವೇ ಕೈಲಾಸ ಎಂದು ತಿಳಿದವರು ಬೇಕು" ಎಂದು ಕೆಲವು ಮಾಲೀಕರು, ಅದರಲ್ಲೂ ನಮ್ಮವರೇ ಆದ ಕೆಲವರು, ಸಂದರ್ಶನದಲ್ಲಿ ಹೇಳುತ್ತಾರೆ. ಶರಣರ ಕಾಯಕ ದುಡಿಯುವವನು ತನಗೆ ತಾನೇ ಹಾಕಿಕೊಂಡ ವ್ರತ. ಕೂಲಿ ತಡೆಹಿಡಿಯುವವನು ಇನ್ನೊಬ್ಬನ ಮೇಲೆ ಹೇರುವುದಕ್ಕೆ ಆ ಮಾತನ್ನು ಯಾರೂ ಕೊಟ್ಟಿಲ್ಲ. ಕಾಯಕ ಸತ್ಯಶುದ್ಧವಾಗಿರಬೇಕೆಂಬ ನಿಯಮ ದುಡಿಸಿಕೊಳ್ಳುವವನಿಗೂ ಅನ್ವಯಿಸುತ್ತದೆ. ಸ್ವಜನರ ಸಂಸ್ಥೆ, ಸ್ವಾಮಿಗಳ ಶಿಫಾರಸು, ಮಠದ ಪರಿಚಯ ಇವು ಬಾಗಿಲು ತೆರೆಸಬಹುದು. ನೇಮಕಪತ್ರ ಕೇಳದಿರಲು ಕಾರಣವಾಗಬಾರದು.

"ಹಸಿದವನಿಗೆ ಇಷ್ಟೆಲ್ಲ ಆರಿಸುವ ಸೌಲಭ್ಯವೆಲ್ಲಿದೆ ಸ್ವಾಮಿ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸಂಬಳ ಕಡಿಮೆ, ಕೆಲಸ ಗುತ್ತಿಗೆಯದು, ಮೇಲ್ವಿಚಾರಕನ ನಾಲಿಗೆ ಒರಟು, ಆದರೂ ಮನೆ ನಡೆಯಬೇಕು ಎಂಬ ಸ್ಥಿತಿಯಲ್ಲಿ ಕೆಲಸಕ್ಕೆ ಸೇರುವುದು ತಪ್ಪಲ್ಲ. ತಿಳಿದು ಸೇರಿದವನು ಮುಂದಿನ ದಾರಿಯನ್ನೂ ನೋಡಿಕೊಳ್ಳುತ್ತಾನೆ. ಆದರೆ ಎಂಥ ಬಡತನದಲ್ಲೂ ಠೇವಣಿ ಕಟ್ಟುವುದು, ಮೂಲಪತ್ರ ಬಿಟ್ಟುಬರುವುದು, ಓದಲಾಗದ ಕಾಗದಕ್ಕೆ ಸಹಿ ಹಾಕುವುದು, ಪಾಸ್‌ಪೋರ್ಟನ್ನು ಪರರ ಕೈಗೆ ಕೊಡುವುದು ಸಲ್ಲದು. ಇವು ಇಂದಿನ ಬಡತನವನ್ನು ಕಳೆಯದೆ, ನಾಳೆ ಬೇರೆ ಕೆಲಸಕ್ಕೆ ಹೋಗುವ ದಾರಿಯನ್ನೂ ಮುಚ್ಚಿಬಿಡುತ್ತವೆ. ದುಡಿದ ಸಂಬಳ ಬಾರದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಲಾಖೆಯ ಕಾರ್ಮಿಕ ಭವನವಿದೆ. ಅಲ್ಲಿಗೆ ಹೋಗುವವನ ಕೈಯಲ್ಲಿ ನೇಮಕಪತ್ರವೂ ಹಾಜರಿಯ ಸ್ವಂತ ಲೆಕ್ಕವೂ ಇದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನು ಹಿತ್ತಲು ನೋಡುವ ಬಗೆ. ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ, ಅದು ಯಾವ ತಿಂಗಳಲ್ಲಿ ಎಷ್ಟು ಮಂದಿಗೆ ಹಣ ಕಟ್ಟಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಇನ್ನೂರು ಜನ ನೌಕರರಿದ್ದಾರೆಂದು ಸಂದರ್ಶನದಲ್ಲಿ ಹೇಳಿದ ಸಂಸ್ಥೆ ಹದಿನೆಂ‍ಟು ಮಂದಿಗೆ ಮಾತ್ರ ಕಟ್ಟಿದ್ದರೆ, ಉಳಿದವರು ಯಾರ ಹೆಸರಿನಲ್ಲಿದ್ದಾರೆಂದು ಕೇಳಬೇಕಾಗುತ್ತದೆ. ಮನೆಯ ಹುಡುಗರು ದಿನವಿಡೀ ಕೈಯಲ್ಲಿ ಹಿಡಿದಿರುವ ಆ ಯಂತ್ರದಲ್ಲಿ ಐದು ನಿಮಿಷದ ಕೆಲಸವಿದು. ಅದು ಬಾರದ ತಂದೆಗೆ ಇನ್ನೂ ಒಳ್ಳೆಯ ಉಪಾಯವೊಂದಿದೆ. ಸಂದರ್ಶನದ ದಿನ ಮಗಳ ಜತೆ ಹೋದವನು ಗೇಟಿನ ಒಳಗೆ ಹೋಗಬೇಕಾಗಿಲ್ಲ, ಅದು ಅವಳಿಗೆ ಮುಜುಗರ. ಎದುರಿನ ಚಹಾದಂಗಡಿಯಲ್ಲಿ ಕುಳಿತು, ಪಾಳಿ ಬಿಟ್ಟು ಹೊರಬರುವವರಲ್ಲಿ ಇಬ್ಬರು ಮೂವರನ್ನು ಮಾತಾಡಿಸಬೇಕು. ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು, ಹೆಚ್ಚು ಹೊತ್ತು ದುಡಿದದ್ದರ ದುಡ್ಡು ಬಂತೇ, ರಜೆ ಕೇಳಿದರೆ ಏನಂತಾರೆ, ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಬೇಕು. ಅವರು ಹೇಳುವುದನ್ನು ಕೇಳಿಸಿಕೊಳ್ಳುವುದರ ಜತೆಗೆ, ಹೇಳುವ ಮುನ್ನ ಗೇಟಿನ ಕಡೆ ತಿರುಗಿ ನೋಡುತ್ತಾರೆಯೇ ಎಂಬುದನ್ನೂ ಗಮನಿಸಬೇಕು.